ಮೂರು ಸಾಫ್ಟ್‌ವೇರ್‌ಗಳ ಕಾಪಿ ಪ್ರಕರಣ

ಬ್ಯಾಲರಾಟ್ ಊರಿನ ಹೈಸ್ಕೂಲಿನಲ್ಲಿ ಗಣಿತ ವಿಭಾಗದ ಮುಖ್ಯಸ್ಥರಾದ ಮರ್ವಿನ್ ಹ್ಯಾಲಿಗನ್ ಮೇಷ್ಟ್ರು ಭಾನುವಾರ ಬೆಳಿಗ್ಗೆ ಟೋಸ್ಟಿಗೆ ವೆಜಿಮೈಟ್ ಎಂಬ ಉಪ್ಪುಪ್ಪು ಕಪ್ಪು ಲೇಹ್ಯ ಸವರುತ್ತ ಭೀಷ್ಮಪ್ರತಿಜ್ಞೆ ಮಾಡಿದರು.

"ನೋಡ್ತಿರು ನೊರೀನ್! ಕ್ಯಾಲ್ಕುಲಸ್ ಲೆಕ್ಕ ಬಿಡಿಸೋಕೆ ಯಾವ ಸಾಫ್ಟ್‌ವೇರ್ ತಗೋಬೇಕು ಅಂತ ಸುತ್ತಲಿನ ಹದಿನೆಂಟು ಸ್ಕೂಲೂ ತಲೆ ಕೆರ್ಕೊಳ್ತಿವೆ. ಮೂರು ಕಂಪನಿಯದನ್ನೂ ಇವತ್ತೇ ಅಗ್ನಿಪರೀಕ್ಷೆಗೆ ಹಾಕ್ತೀನಿ. ಇಪ್ಪತ್ತಾರು ವರ್ಷ ಪಾಠ ಮಾಡಿದ ತಲೆ ಇದು!"

"ಆ ತಲೆ ಮೇಲೊಂದು ಹ್ಯಾಟ್ ಇಟ್ಕೊಂಡು ಹಿತ್ತಲಿಗೆ ಬಾ. ಕೋಳಿಗೂಡಿನ ಸೂರು ಹಿಡ್ಕೊಳೋರು ಬೇಕು," ಎಂದರು ಹೆಂಡತಿ ನೊರೀನ್. ಆ ಮನೆಯಲ್ಲಿ ಗರಗಸ, ಸುತ್ತಿಗೆ ಎಲ್ಲ ಅವರ ಖಾತೆ.

ಮೇಷ್ಟ್ರು ಕದಲಲಿಲ್ಲ. ಒಂದು ಸೈನ್ ವಕ್ರರೇಖೆಯ ಇಳಿಜಾರು ಕಂಡುಹಿಡಿಯುವ ಸುಲಭದ ಲೆಕ್ಕವೊಂದನ್ನು ಮೊದಲು ತಾವೇ ಮಾಡಿ, ಮೇಜಿನ ಮೇಲಿದ್ದ ಹಳೆಯ ಕ್ಯಾಲ್ಕುಲೇಟರ್ ಒತ್ತಿದರು. ಉತ್ತರ ಹತ್ತಿರ ಹತ್ತಿರ ಒಂದು. ಆಮೇಲೆ ಅದೇ ಲೆಕ್ಕವನ್ನು ಮೊದಲ ಸಾಫ್ಟ್‌ವೇರಿಗೆ ಕೊಟ್ಟರು. ಅದು ಅರ್ಧಕ್ಕಿಂತ ಚೂರು ಹೆಚ್ಚು ಎಂದಿತು. ತಪ್ಪು! ಎರಡನೆಯದೂ ಅದನ್ನೇ ಅಂದಿತು. ಮೂರನೆಯದೂ ಅದನ್ನೇ!

ಬೇರೆ ಯಾರಾದರೂ ಆಗಿದ್ದರೆ ತಮ್ಮ ಉತ್ತರವನ್ನು ಇನ್ನೊಮ್ಮೆ ನೋಡಿಕೊಳ್ಳುತ್ತಿದ್ದರು. ಆದರೆ ಇವರು ಮೇಷ್ಟ್ರು! ಮೂರು ಉತ್ತರಪತ್ರಿಕೆಗಳಲ್ಲಿ ಒಂದೇ ತಪ್ಪು ಕಂಡರೆ ಮೇಷ್ಟರಾದವರಿಗೆ ಹೊಳೆಯುವುದು ಒಂದೇ.

"ಕಾಪಿ ಹೊಡೆದಿವೆ!" ಎಂದು ಕೂಗಿ ಎದ್ದು ನಿಂತರು. "ನೊರೀನ್, ಮೂರೂ ಒಂದರದ್ದೊಂದು ನೋಡ್ಕೊಂಡು ಬರೆದಿವೆ ಕಣೇ! ಕಳ್ಳನನ್ಮಕ್ಳು!"

ಕೂಡಲೇ ಪ್ರಿನ್ಸಿಪಾಲ್ ಗ್ಲೆನಿಸ್ ಅವರಿಗೆ ನಾಲ್ಕು ಪುಟದ ಮಿಂಚಂಚೆ ಹೋಯಿತು. ಸೋಮವಾರ ಗ್ಲೆನಿಸ್ ಅದನ್ನು ಹದಿನೆಂಟು ಸ್ಕೂಲಿಗೂ ರವಾನಿಸಿದರು. ಗುರುವಾರಕ್ಕೆ ಸಭೆ ಕರೆದು ಮೂರು ಕಂಪನಿಯವರಿಗೂ ಬನ್ನಿ ಎಂದರು. ಮೇಷ್ಟ್ರು ಎರಡು ದಿನ ನೆಲದಿಂದ ಗೇಣೆತ್ತರದಲ್ಲಿ ಓಡಾಡಿದರು.

ಮಂಗಳವಾರ ಸಂಜೆ ಟೀ ಹೊತ್ತಿಗೆ ನೊರೀನ್ ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ಬಂದರು.

"ಆ ಕ್ಯಾಲ್ಕುಲೇಟರ್ ಕೊಡು. ಸೂರಿನ ಓರೆ ಲೆಕ್ಕ ಹಾಕ್ಬೇಕು. ಡಿಗ್ರಿಲೇ ಇದೆ ತಾನೆ? ಶನಿವಾರ ನಾನೇ ಬದಲಾಯಿಸಿಟ್ಟಿದ್ದೆ."

ಮೇಷ್ಟ್ರ ಕೈಯಲ್ಲಿದ್ದ ಬಿಸ್ಕತ್ತು ಟೀ ಒಳಗೆ ಮುಳುಗಿಹೋಯಿತು. ಕೋನವನ್ನು ಬಡಗಿಗಳು ಅಳೆಯುವುದು ಡಿಗ್ರಿಯಲ್ಲಿ, ಕ್ಯಾಲ್ಕುಲಸ್ ಅಳೆಯುವುದು ರೇಡಿಯನ್ನಿನಲ್ಲಿ. ಮೊದಲ ದಿನವೇ ಮಕ್ಕಳಿಗೆ ಇದನ್ನು ಮೇಜು ಗುದ್ದಿ ಹೇಳುವವರು ಯಾರು? ಇವರೇ! ಮೂರು ಸಾಫ್ಟ್‌ವೇರೂ ಸರಿ. ತಪ್ಪು ಮಾಡಿದ್ದು ಒಬ್ಬರೇ.

ಇಪ್ಪತ್ತಾರು ವರ್ಷ ಕಾಪಾಡಿಕೊಂಡ ಹೆಸರು ಗುರುವಾರ ಮಣ್ಣುಪಾಲು! ಗ್ಲೆನಿಸ್‌ಗೆ ಫೋನು ಮಾಡಿ "ಒಂದು ಸಣ್ಣ ವಿಷಯ..." ಎನ್ನುವಷ್ಟರಲ್ಲಿ ಅವರೇ ಉಬ್ಬಿ ಹೇಳಿದರು: "ಮರ್ವ್, ಏಳು ಸ್ಕೂಲಿಂದ ಉತ್ತರ ಬಂದಿದೆ! 'ನಾವೂ ಪರೀಕ್ಷೆ ಮಾಡಿದ್ವಿ, ಹ್ಯಾಲಿಗನ್ ಹೇಳಿದ್ದೇ ನಿಜ' ಅಂತ!" ಮೇಷ್ಟ್ರು ಫೋನು ಇಟ್ಟು ಗೋಡೆಗೆ ಒರಗಿದರು. ಪರೀಕ್ಷೆಯನ್ನೇ ಮಾಡದ ಏಳು ಸ್ಕೂಲುಗಳೂ ಈಗ ಇವರ ಕೊರಳಿಗೆ ಜೋತುಬಿದ್ದಿದ್ದವು.

"ಟ್ಯಾಸ್ಮೇನಿಯಾಕ್ಕೆ ಹೋಗ್ಬಿಡೋಣ್ವಾ?" ಎಂದರು ಸಣ್ಣ ದನಿಯಲ್ಲಿ.

"ಅಲ್ಲೂ ರೇಡಿಯನ್ನೇ ಇರೋದು ಕಣಪ್ಪ. ಹೋಗಿ ಒಪ್ಕೊಂಡು ಬಾ."

ಗುರುವಾರ ಸಭೆಯಲ್ಲಿ ಮೇಷ್ಟ್ರು ಎದ್ದು ನಿಂತರು. ಭಯದಲ್ಲಿ ಬೇರೇನೂ ತೋಚದೆ ಒಂದೇ ಉಸಿರಿಗೆ ಒದರಿದರು: "ಕಾಪಿ ಗೀಪಿ ಏನೂ ಇಲ್ಲ. ನನ್ನ ಕ್ಯಾಲ್ಕುಲೇಟರ್ ಡಿಗ್ರಿಯಲ್ಲಿತ್ತು."

ಏಳು ಸ್ಕೂಲಿನ ಮೇಷ್ಟರುಗಳು ಏಕಕಾಲಕ್ಕೆ ಕೆಳಗೆ ಬಿದ್ದ ಪೆನ್ನು ಹುಡುಕತೊಡಗಿದರು.

ಒಂದು ಕಂಪನಿಯಿಂದ ಬಂದಿದ್ದ ಇಮೊಜೆನ್ ಎಂಬ ಹುಡುಗಿ ಮಾತ್ರ ನಕ್ಕಳು. "ತಲೆ ಕೆಡಿಸ್ಕೋಬೇಡಿ ಮರ್ವ್. ಕೋನದ ಅಳತೆ ತಪ್ಪಿದ್ರೆ ಪರದೆ ಮೇಲೆ ಕೆಂಪಗೆ ಎಚ್ಚರಿಕೆ ಕೊಡೋ ಏರ್ಪಾಡು ನಮ್ಮಲ್ಲಿತ್ತು. ಇಂಥ ತಪ್ಪು ಯಾವ ಮಗುನೂ ಮಾಡಲ್ಲ ಅಂತ ತೆಗೆದಿಟ್ಟಿದ್ವಿ. ಈಗ ವಾಪಸ್ ಹಾಕ್ತೀವಿ."

"ಹಾಗಾದ್ರೆ ಎಲ್ಲಾ ಸ್ಕೂಲಿಗೂ ನಿಮ್ಮದೇ ಇರಲಿ!" ಎಂದರು ಗ್ಲೆನಿಸ್. ಅಬ್ಬ! ಬದುಕಿದೆ ಎಂದುಕೊಂಡು ಮೇಷ್ಟ್ರು ಮನೆಗೆ ಬಂದು ಹೊದ್ದು ಮಲಗಿದರು.

ಮುಂದಿನ ಟರ್ಮಿನಲ್ಲಿ ಅವರ ತರಗತಿಯ ಪರದೆಯೊಂದು ಫಕ್ಕನೆ ಕೆಂಪಾಯಿತು. ಮಕ್ಕಳೆಲ್ಲ ಒಟ್ಟಾಗಿ ಗಟ್ಟಿಯಾಗಿ ಓದಿದರು. ಆ ಹೊತ್ತಿಗೆ ಹದಿನೆಂಟು ಸ್ಕೂಲಿನಲ್ಲೂ ಅದೇ ಓದು ನಡೆದಿತ್ತು:

"ನೀವು ಈಗ ಹ್ಯಾಲಿಗನ್ ಮಾಡಲಿದ್ದೀರಿ. ಮುಂದುವರಿಯಬೇಕೆ?"