ಮೊದಲ ಪ್ರಾಶಸ್ತ್ಯದ ಮತ ಮತ್ತು ನನ್ನ ಬಲಗೈ

ಎದುರಿಗೆ ನಿಂತವರಿಗೆ ‘ಆಗೋದಿಲ್ಲ’ ಎನ್ನುವ ಧೈರ್ಯ ಕೆಲವರಿಗೆ ಹುಟ್ಟಿನಿಂದಲೇ ಬಂದಿರುತ್ತದೆ. ನನಗೆ ಬಂದಿಲ್ಲ. ಬೇಡವಾದ ವಿಮೆ ಮಾಡಿಸಿದ್ದೇನೆ, ಹೊಟ್ಟೆ ತುಂಬಿದ್ದರೂ ಬೀಗರ ಮನೆಯಲ್ಲಿ ಮತ್ತೊಮ್ಮೆ ಉಂಡಿದ್ದೇನೆ. ಇಂಥ ಸ್ವಭಾವದವನು ಎಲ್ಲಿ ಬೇಕಾದರೂ ಬದುಕಬಹುದು, ವಿಧಾನ ಪರಿಷತ್ತಿನ ಶಿಕ್ಷಕರ ಕ್ಷೇತ್ರದ ಮತದಾರನಾಗಿ ಮಾತ್ರ ಬದುಕಬಾರದು. ವಿಧಾನಸಭೆಗೆ ನಿಂತವರು ಓಣಿಗೆಲ್ಲ ಸೇರಿಸಿ ಒಮ್ಮೆ ಕೈಮುಗಿದು ಹೋಗಿಬಿಡುತ್ತಾರೆ. ಇಲ್ಲಿ ಹಾಗಲ್ಲ. ಮತದಾರರೆಂದರೆ ಬರೀ ಮಾಸ್ತರರು. ಅಭ್ಯರ್ಥಿ ಸ್ಟಾಫ್ ರೂಮಿಗೇ ಬಂದು, ಪಕ್ಕದ ಕುರ್ಚಿಯಲ್ಲಿ ಕೂತು, ಹೆಸರು ಹಿಡಿದು ಕೇಳುತ್ತಾರೆ. ಈ ಚುನಾವಣೆಯಲ್ಲಿ ಅಭ್ಯರ್ಥಿಗಳ ಹೆಸರಿನ ಮುಂದೆ ಒಂದು, ಎರಡು, ಮೂರು ಎಂದು ನಮ್ಮ ಇಷ್ಟದ ಕ್ರಮದಲ್ಲಿ ಅಂಕಿ ಬರೆಯಬೇಕು. ಎಲ್ಲರಿಗೂ ಬೇಕಾದದ್ದು ಆ ‘ಒಂದು’, ಅಂದರೆ ಮೊದಲ ಪ್ರಾಶಸ್ತ್ಯದ ಮತ.

ಈ ಸಲ ನನ್ನ ಹತ್ತಿರ ಇದ್ದ ಒಂದೇ ಒಂದನ್ನು ನಾನು ಇಬ್ಬರಿಗೆ ಕೊಟ್ಟು ಕೂತಿದ್ದೆ. ಮೊದಲನೆಯವರು ಮಸೂತಿ ಊರಿನ ಮಹಿಬೂಬ ಸರ್, ಗಣಿತದ ಮಾಸ್ತರು, ನನ್ನ ಹಳೆಯ ಗೆಳೆಯರು. ಯಾವ ಪಕ್ಷವೂ ಕರೆಯದಿದ್ದರೂ ಸ್ವತಂತ್ರವಾಗಿ ನಿಂತು, ಬೈಕಿನ ಮೇಲೆ ಇಂಡಿ, ಸಿಂದಗಿ, ಬಸವನ ಬಾಗೇವಾಡಿ ಎಂದು ಶಾಲೆ ಶಾಲೆ ತಿರುಗುತ್ತಿದ್ದರು. “ಗೆಲ್ಲೋದಿಲ್ಲ ಅಂತ ನನಗೂ ಗೊತ್ತೈತ್ರಿ ಬಿರಾದಾರ ಸರ. ಆದ್ರ ನಿಮ್ಮ ಒಂದು ಬಂತಂದ್ರ ನಿಂತಿದ್ದು ಸಾರ್ಥಕ” ಎಂದರು. ಕೊಟ್ಟೆ ಎಂದೆ. ಎರಡನೆಯವರು ನಮ್ಮ ಶಾಲೆಯ ಆಡಳಿತ ಮಂಡಳಿಯ ಚೇರ್ಮನ್ನರ ಅಳಿಯ. ಅವರ ಪರವಾಗಿ ಚೇರ್ಮನ್ನರೇ ಬಂದು, “ಬಿರಾದಾರ ಮಾಸ್ತರ, ನಿಮ್ದು ಪಕ್ಕಾ ಹೌದಲ್ಲ?” ಎಂದು ಕಣ್ಣಲ್ಲಿ ಕಣ್ಣಿಟ್ಟು ಕೇಳಿದರು. ನಮ್ಮ ಮುಖ್ಯಗುರುಗಳು ಇಷ್ಟರಲ್ಲೇ ನಿವೃತ್ತರಾಗುವವರಿದ್ದರು. ಅವರ ಕುರ್ಚಿಯಲ್ಲಿ ಯಾರು ಕೂಡಬೇಕೆಂಬುದು ಚೇರ್ಮನ್ನರ ಮರ್ಜಿ. ಆ ಕುರ್ಚಿಯ ಮೇಲೆ ನನಗೆ ಆಸೆ ಇತ್ತೆಂಬುದನ್ನು ಇಲ್ಲಿ ಮುಚ್ಚಿಡುವುದೇಕೆ? “ಪಕ್ಕಾ ರೀ ಸಾಹೇಬ್ರ” ಎಂದೆ.

ಆದರೂ ನಾನು ನಿಶ್ಚಿಂತೆಯಿಂದಿದ್ದೆ. ಮತದಾನ ಗುಪ್ತವಾದದ್ದು. ಇಲ್ಲ ಎನ್ನಲಾರದವರಿಗಾಗಿಯೇ ಯಾರೋ ಪುಣ್ಯಾತ್ಮರು ಕಂಡುಹಿಡಿದ ವ್ಯವಸ್ಥೆ ಅದು. ಮುದ್ದೇಬಿಹಾಳದ ಮತಗಟ್ಟೆಗೆ ಹೋದೆ, ಅವರೇ ಕೊಟ್ಟ ನೇರಳೆ ಬಣ್ಣದ ಸ್ಕೆಚ್ ಪೆನ್ನು ಹಿಡಿದೆ, ಮಹಿಬೂಬ ಸರ್ ಹೆಸರಿನ ಮುಂದೆ ಒಂದು ಎಂದು ಬರೆದು ಮಡಚಿ ಹಾಕಿ ಬಂದೆ. ಹೊರಗೆ ಚೇರ್ಮನ್ನರು ಸಿಕ್ಕಾಗ ಹೆಬ್ಬೆರಳು ಎತ್ತಿ ತೋರಿಸಿದೆ. ಅವರು ನನ್ನ ಬೆನ್ನು ತಟ್ಟಿದರು.

ಸಂಜೆ ಮನೆಯಲ್ಲಿ ಕಿರುಪರೀಕ್ಷೆಯ ಪೇಪರು ತಿದ್ದಲು ಕೂತೆ. ಮೊದಲನೆಯ ಪೇಪರಿಗೆ ಅಂಕ ಬರೆದೆ, ಅದರ ಸುತ್ತ ದುಂಡಗೆ ಒಂದು ಸುತ್ತು ಹಾಕಿದೆ, ಕೆಳಗೆ ಗೀರಿ ಸಹಿ ಮಾಡಿದೆ. ಪೆನ್ನು ಕೆಳಗಿಟ್ಟೆ. ಮಧ್ಯಾಹ್ನ ಆ ನೇರಳೆ ಪೆನ್ನಿನಿಂದ ಒಂದು ಬರೆದ ಮೇಲೆ ನನ್ನ ಕೈ ಸುಮ್ಮನೆ ನಿಂತಿತ್ತೇ? ಅಂಕಿ ಬರೆದರೆ ಸುತ್ತು, ಸುತ್ತಿನ ಕೆಳಗೆ ಸಹಿ. ಸೇವೆಗೆ ಸೇರಿದಂದಿನಿಂದ ಈ ಕೈ ನನ್ನನ್ನು ಕೇಳದೆಯೇ ಈ ಕೆಲಸ ಮಾಡುತ್ತ ಬಂದಿದೆ. ಮತಪತ್ರದ ಮೇಲೆ ಸಹಿ ಬಿದ್ದರೆ ಮತ ಕುಲಗೆಡುತ್ತದೆ. ಅದು ಹೋಗಲಿ, ಎಣಿಕೆಯ ಟೇಬಲ್ಲಿನ ಸುತ್ತ ಎಲ್ಲರ ಏಜೆಂಟರೂ ನಿಂತಿರುತ್ತಾರೆ. ಗುಪ್ತ ಮತದಾನಕ್ಕೆ ಸಹಿ ಮಾಡಿ ಕೊಟ್ಟ ಮೊದಲ ಮನುಷ್ಯ ನಾನೇ ಇರಬೇಕು. ಸಹಿ ಮಾಡಬಾರದೆಂದು ಹಿಂದಿನ ವಾರ ಸ್ಟಾಫ್ ರೂಮಿನಲ್ಲಿ ಬೋರ್ಡಿನ ಮೇಲೆ ಬರೆದು ಎಲ್ಲರಿಗೂ ತಿಳಿಸಿ ಹೇಳಿದವನೂ ನಾನೇ.

“ನಾ ಸಹಿ ಮಾಡಿರಲಿಕ್ಕಿಲ್ಲ, ಅಲ್ಲೇನು?” ಎಂದು ಹೆಂಡತಿಯನ್ನು ಕೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, “ಕಿರಾಣಿ ಅಂಗಡಿ ಚೀಟಿ ಬರದ್ರೂ ಕೆಳಗ ಸಹಿ ಮಾಡಾವ್ರು ನೀವು. ನನ್ನೇನ್ ಕೇಳ್ತೀರಿ?” ಎಂದಳು. ಆಮೇಲೆ ಎಣಿಕೆಯ ದಿನದವರೆಗೆ ನನಗೆ ಅನ್ನ ರುಚಿಸಲಿಲ್ಲ. ಚೇರ್ಮನ್ನರು ಎದುರಾದರೆ ದಾರಿ ಬದಲಿಸುತ್ತಿದ್ದೆ. ಬಲಗೈ ಕಂಡರೆ ಸಿಟ್ಟು ಬರುತ್ತಿತ್ತು. ನನಗೆ ನಿಜವಾಗಿಯೂ ಹೆದರಿಕೆಯಾಗಿತ್ತು.

ಎಣಿಕೆ ಮುಗಿಯಿತು. ಮಹಿಬೂಬ ಸರ್ ಸೋತರು. ಚೇರ್ಮನ್ನರ ಅಳಿಯನವರೂ ಸೋತರು. ಮರುದಿನ ಮಹಿಬೂಬ ಸರ್ ನೇರವಾಗಿ ನಮ್ಮ ಮನೆಗೆ ಬಂದರು. ಚಹಾ ಕುಡಿದು ನನ್ನ ಕೈ ಹಿಡಿದುಕೊಂಡರು.

“ನಿಮ್ಮ ಚೀಟಿ ನೋಡಿದೆನ್ರಿ ಸರ. ತಿರಸ್ಕೃತದಾಗ ಹೋತು.”

ನೆಲ ಬಾಯ್ದೆರೆಯಬಾರದೇ ಎನಿಸಿತು. “ತಪ್ಪಾತ್ರಿ ಸರ” ಎಂದೆ.

“ತಪ್ಪೆಲ್ಲಿಂದು ಬಿಡ್ರಿ! ಸಿಕ್ಕಾವರೆಲ್ಲ ‘ನಿಮಗ ಹಾಕೇವ್ರಿ’ ಅಂತಾರ. ಅವರು ಹೇಳಿದ್ದು ಖರೆ ಆಗಿದ್ರ ನಾ ಗೆದ್ದು ಬೆಂಗಳೂರಾಗ ಇರ್ತಿದ್ದೆ. ಪುರಾವೆ ಇಟ್ಟು ಹಾಕಿದಾವ್ರು ನೀವೊಬ್ರ.” ಅವರ ಕಣ್ಣು ಒದ್ದೆಯಾಗಿದ್ದವು. ನನ್ನವೂ ಆದವು. ಇಷ್ಟು ದಿನ ಬೈದ ಬಲಗೈಯನ್ನು ಮೊದಲ ಸಲ ಪ್ರೀತಿಯಿಂದ ನೋಡಿಕೊಂಡೆ.

ಆಮೇಲೆ ಮೆಲ್ಲಗೆ ಕೇಳಿದೆ: “ಚೇರ್ಮನ್ನರ ಏಜೆಂಟರು ನೋಡಲಿಲ್ಲ ಹೌದಲ್ರಿ?”

“ನೋಡದ ಏನ್ರಿ, ನನ್ನ ಬಾಜೂಕ ನಿಂತಿದ್ದ. ಇದು ಯಾರ ಸಹಿ ಅಂತ ಎಲ್ಲಾರೂ ಕೇಳಿದ್ರು, ನಾ ಗೊತ್ತಿಲ್ಲ ಅಂದೆ. ಅವ ಮಾತ್ರ ಬಗ್ಗಿ ನೋಡಿ, ‘ನನಗ ಗೊತ್ತೈತಿ. ಈ ಸಹಿ ನಾ ಜನ್ಮದಾಗ ಮರಿಯಂಗಿಲ್ಲ’ ಅಂದ. ನಿಮ್ಮ ಹಳೇ ವಿದ್ಯಾರ್ಥಿ ಅಂತ್ರಿ.”

ಹೆಸರು ಕೇಳಿದೆ, ಹೇಳಿದರು. ಹುಡುಗ ಚೆನ್ನಾಗಿ ನೆನಪಿದ್ದಾನೆ. ಹತ್ತನೆಯ ತರಗತಿಯ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಅವನ ಉತ್ತರ ಪತ್ರಿಕೆಯ ಮೇಲೂ ನಾನು ಇದೇ ರೀತಿ ಒಂದು ಎಂದು ಬರೆದು, ಸುತ್ತು ಹಾಕಿ, ಕೆಳಗೆ ಸಹಿ ಮಾಡಿಕೊಟ್ಟಿದ್ದೆ.