ಕೊಂಬು ಎಣಿಸಿ ತಂದ ರೌಟರ್

ಕೆಲವರು ಕನ್ಯಾ ನೋಡೂದ್ರಾಗ ಮೋಸ ಹೋಗ್ತಾರ, ಕೆಲವರು ಎಮ್ಮಿ ಹಿಡಿಯೂದ್ರಾಗ. ನಾನು ಮೋಸ ಹೋಗೂದು ಮೋಡೆಮ್ ಆರಿಸೂದ್ರಾಗ. ಒಮ್ಮೆ ಆಗಿದ್ರ ನಸೀಬ ಅನ್ನಬಹುದಿತ್ತು. ಕುಷ್ಟಗಿ, ಯಲಬುರ್ಗಾ, ಗಂಗಾವತಿ ಅಂತ ಬದಲಿ ಆದ ಊರೂರಾಗೂ ಹಂಗ ಆಗಾಕತ್ತೈತಿ ಅಂದ್ರ ತಪ್ಪು ಊರಿಂದಲ್ಲ, ಮಾಸ್ತರಂದು.

ಹೌದ್ರಿ, ನಾನು ಹೈಸ್ಕೂಲ್ ವಿಜ್ಞಾನ ಮಾಸ್ತರ. ಓಣ್ಯಾಗ ಯಾರ ಮನಿ ಫ್ಯಾನ್ ನಿಂತ್ರೂ "ಮಾಸ್ತರನ್ನ ಕೇಳ್ರಿ" ಅಂತಾರ. ನಮ್ಮ ಮನ್ಯಾಗ ಮಾತ್ರ ಯಾರೂ ಕೇಳಂಗಿಲ್ಲ. ನಮ್ಮವ್ವಗೂ ನನ್ನ ಹೆಂಡತಿಗೂ ಸಾರಿನ ಉಪ್ಪಿನಿಂದ ಹಿಡದು ಯಾವ ಮಾತಿನಾಗೂ ಹೊಂದಂಗಿಲ್ಲ. ಆದ್ರ "ಇವರು ತಂದ ಮಿಶನ್ ನಡಿಯಂಗಿಲ್ಲ" ಅನ್ನೂದ್ರಾಗ ಇಬ್ಬರೂ ಒಂದ. ಈ ಇಬ್ಬರ ಬಾಯಿಂದ ಒಮ್ಮೆಯಾದ್ರೂ ತಿಳದಾಂವ ಅನಿಸ್ಕೋಬೇಕು ಅನ್ನೂದ ನನ್ನ ಆಸೆ. ಇಷ್ಟೆಲ್ಲಾ ಪಡಿಪಾಟಲು ಅದಕ್ಕ.

೧. ಅರ್ಧ ಬಂದ ಚಂದ್ರ

ಕುಷ್ಟಗ್ಯಾಗ ಇದ್ದಾಗ. ತೊಂಬತ್ತೊಂಬತ್ತೋ ಎರಡು ಸಾವಿರನೋ ಇರಬೇಕು. ಆವಾಗ ಇಂಟರ್ನೆಟ್ ಟೆಲಿಫೋನ್ ವೈರಿನಾಗ ಬರ್ತಿತ್ತು. ನೆಟ್ ಹಚ್ಚಿದ್ರ ಫೋನ್ ಬಂದ್, ಫೋನ್ ಎತ್ತಿದ್ರ ನೆಟ್ ಬಂದ್. ನಮ್ಮ ಓಣ್ಯಾಗ ಫೋನ್ ಇದ್ದದ್ದು ನಮ್ಮ ಮನ್ಯಾಗ ಒಂದ. ಇಡೀ ಓಣಿ ತಮ್ಮ ಬೀಗರಿಗೆಲ್ಲಾ ನಮ್ಮ ನಂಬರ್ ಕೊಟ್ಟಿತ್ತು. ಫೋನ್ ಬಂದ್ರ ನಮ್ಮವ್ವ ಕಟ್ಟಿ ಮ್ಯಾಲ ನಿಂತು ಹೆಸರು ಹಿಡದು ಒದರ್ತಿದ್ಲು.

ಮೋಡೆಮ್ ತರಾಕ ಹುಬ್ಬಳ್ಳಿಗೆ ಹೋದೆ. ಅಂಗಡಿಯಾಂವ ಎರಡು ಮುಂದಿಟ್ಟು, "ಇದು ಸಾದಾ ಐತ್ರಿ, ಆದ್ರ ಗಟ್ಟಿ. ಇದು ನೋಡಾಕ ಛಂದ" ಅಂದ. ನಾನು ದೀಪ ಎಣಿಸಿದೆ. ಸಾದಾದಕ್ಕ ಮೂರು, ಛಂದದ್ದಕ್ಕ ಎಂಟು. ವಿಜ್ಞಾನ ಮಾಸ್ತರಗ ಇನ್ನೇನು ಬೇಕು? ಎಂಟು ದೀಪದ್ದು ಕಟ್ಟಿಸ್ಕೊಂಡು ಬಂದೆ.

ಮೊದಲನೇ ದಿನ ಮನಿಮಂದಿನ್ನೆಲ್ಲಾ ಕುಂದ್ರಿಸಿ ಚಂದ್ರನ ಫೋಟೋ ತೋರಸ್ತೀನಿ ಅಂದೆ. ಮೋಡೆಮ್ ಕಿರ್ರ್, ಕುಂಯ್ ಅಂತ ಚೀರಾಕ ಹತ್ತಿತು. "ಏ, ಅದಕ್ಕ ಎಲ್ಲೋ ನೋಯ್ತೈತಿ ನೋಡೋ" ಅಂದ್ಲು ನಮ್ಮವ್ವ. ಫೋಟೋ ಮ್ಯಾಲಿಂದ ಒಂದೊಂದ ಗೆರಿ ಇಳೀತು. ನಡುವ ಕಡೀತು. ಮತ್ತ ಹಚ್ಚಿದೆ. ಮತ್ತ ಕಡೀತು. ಮನಿಮಂದಿ ಒಬ್ಬೊಬ್ಬರ ಎದ್ದು ಹೋದ್ರು. ನಾನು ಏಳಲಿಲ್ಲ, ಹಟಕ್ಕ ಬಿದ್ದಿದ್ದೆ.

ಅದ ದಿನ ಬಾಜೂ ಮನಿ ಮುತ್ಯಾ ಮುಂಜಾನಿಂದ ನಮ್ಮ ಕಟ್ಟಿ ಮ್ಯಾಲ ಕುಂತಿದ್ದ. ಅವನ ಸೊಸಿ ಚೊಚ್ಚಲ ಹೆರಿಗಿಗಂತ ಗದಗಿಗೆ ತವರಿಗೆ ಹೋಗಿದ್ಲು. ಸುದ್ದಿ ನಮ್ಮ ಫೋನಿಗೆ ಬರೂದಿತ್ತು. ತಾಸಿಗೊಮ್ಮೆ "ಫೋನ್ ಬಂತೇನೋ ಮಾಸ್ತರ?" ಅಂತ ಒಳಗ ಹಣಿಕಿ ಹಾಕ್ತಿದ್ದ. ನಾನು ಕಂಪ್ಯೂಟರಿನಿಂದ ಕಣ್ಣು ತಗೀದನ "ಇಲ್ಲ ಮುತ್ಯಾ, ಮುಂಜಾನಿಂದ ಒಂದೂ ಬಂದಿಲ್ಲ" ಅಂತಿದ್ದೆ. ಬರೂದರೆ ಹೆಂಗ? ವೈರ್ ನಾನ ಹಿಡಕೊಂಡು ಕುಂತಿದ್ದೆ.

ಸಂಜಿಮುಂದ ಸೊಸಿಯ ಅಣ್ಣ ಸಕ್ಕರಿ ಪುಡಿಕಿ ಹಿಡಕೊಂಡು ಓಡಿ ಬಂದ. "ಹೆಣ್ಣು ಹುಟ್ಟೈತ್ರಿ, ಇಬ್ಬರೂ ಆರಾಮ ಅದಾರ. ಫೋನ್ ಹಚ್ಚಿ ಹಚ್ಚಿ ಸಾಕಾತು. ಮಾಸ್ತರ ಮನ್ಯಾಗ ಏನರೆ ಕೆಟ್ಟದ್ದಾಗೈತೋ ಏನೋ ಅಂತ ಅಂಜಿ ಬಸ್ ಹತ್ತಿದೆ" ಅಂದ. ನನಗ ಭೂಮಿ ಬಾಯಿ ಬಿಡಬಾರದ ಅನಿಸ್ತು.

ಮುತ್ಯಾ ನನ್ನ ಬಾಯಿಗೂ ಸಕ್ಕರಿ ಹಾಕಿ, ಕಂಪ್ಯೂಟರ್ ಕಡೆ ನೋಡಿ, "ಇದೇನೋ?" ಅಂದ.

"ಚಂದ್ರ ಮುತ್ಯಾ. ಇನ್ನ ಅರ್ಧ ಬರೂದೈತಿ."

ಮುತ್ಯಾ ನನ್ನ ರಟ್ಟಿ ಹಿಡದು ಎಬ್ಬಿಸಿದ. "ಹೊರಗ ಬಾ. ಅಲ್ಲಿ ಪೂರ್ತಿ ಬಂದಾನ."

೨. ಭದ್ರ ಇಟ್ಟ ನೆಟ್

ಯಲಬುರ್ಗಾಕ್ಕ ಬದಲಿ ಆಗೂ ಹೊತ್ತಿಗೆ ವೈರ್ ಇಲ್ಲದನ ಮನಿತುಂಬ ನೆಟ್ ಹರಡೂ ಮೋಡೆಮ್ ಬಂದಿದ್ವು. ಈ ಸಲ ದೀಪ ಎಣಿಸಲಿಲ್ಲ, ಬುದ್ಧಿ ಬಂದಿತ್ತು. "ಭಾಳ ದಿನ ಬಾಳಿಕಿ ಬರೂದು ಕೊಡ್ರಿ" ಅಂತ ಕೇಳಿ ತಂದೆ.

ಬಾಡಿಗಿ ಮನಿ ಮಣ್ಣಿನ ಮಾಳಿಗೀದು. ಮ್ಯಾಲಿಂದ ಮಣ್ಣು ಉದರ್ತಿತ್ತು, ಮೂಲ್ಯಾಗ ಇಲಿ. ನಮ್ಮ ಕಡೆ ಬೆಲಿಬಾಳೂ ಸಾಮಾನು ಎಲ್ಲಿ ಇಡ್ತಾರ? ತಿಜೋರಿಯಾಗ. ನಾನೂ ಅಲ್ಲೇ ಇಟ್ಟೆ. ತಿಜೋರಿ ಹಿಂದ ತೂತು ಕೊರಿಸಿ ವೈರ್ ಒಳಗ ಬಿಟ್ಟು, ನಮ್ಮಾಕಿಯ ಇಳಕಲ್ ಸೀರಿ ಮ್ಯಾಲ ಮೋಡೆಮ್ ಮಲಗಿಸಿ, ಕೀಲಿ ಹಾಕಿ, ಎರಡು ಸಲ ಜಗ್ಗಿ ನೋಡಿದೆ.

ನೆಟ್ ಬರವಲ್ದು. ಬಂದ್ರೂ ಒಂದ್ನಿಮಿಷ ಬಂದು ಹೋಗ್ತೈತಿ. ನಮ್ಮಾಕಿ ಅಂದ್ಲು, "ನಾ ಸೀರಿ ತಗಿಯಾಕ ಬಾಗಲಾ ತಗದಾಗ ಬರ್ತೈತಿ ನೋಡ್ರಿ. ಹಾಕಿದ ಕೂಡ್ಲೆ ಹೋಗ್ತೈತಿ."

"ಅದು ಯೋಗಾಯೋಗ" ಅಂದೆ ನಾನು. "ವಿಜ್ಞಾನದಾಗ ಸೀರಿಗೂ ನೆಟ್ಟಿಗೂ ಸಂಬಂಧ ಇಲ್ಲ."

ಮೋಡೆಮ್ಮಿಂದ ತಪ್ಪು ಅಂತ ಬದಲಿ ಮಾಡಿಸ್ಕೊಂಡು ಬಂದೆ. ಅದನ್ನೂ ತಿಜೋರಿಯಾಗ ಇಟ್ಟೆ. ಅದೂ ಹಂಗ. ಕಡೀಕ ಸಿಟ್ಟಿಗೆದ್ದು ಲೈನ್‌ಮನ್ನನ ಕರಿಸಿ, "ಏನ್ರೀ ನಿಮ್ಮ ಲೈನು" ಅಂತ ಜಬರಿಸಿದೆ. ಆತ ಹೊರಗಿನ ಕಂಬಾ ಹತ್ತಿ ಇಳದ, ವೈರ್ ಎಲ್ಲಾ ಮುಟ್ಟಿ ನೋಡಿದ. "ಲೈನ್ ಛಲೋ ಐತ್ರಿ ಸರ್. ಮೋಡೆಮ್ ಎಲ್ಲೈತಿ?"

"ಭದ್ರ ಐತಿ" ಅಂದೆ. ನಮ್ಮಾಕಿಯ ಸೊಂಟದಾಗಿನ ಕೀಲಿ ಗೊಂಚಲ ಇಸ್ಕೊಂಡು ತಿಜೋರಿ ತಗದೆ. ತಗದ ಕೂಡ್ಲೆ ನನ್ನ ಮೊಬೈಲಿನಾಗ ನೆಟ್ ಹತ್ತಿತು.

ಲೈನ್‌ಮನ್ ತಿಜೋರಿ ನೋಡಿದ. ಅದರ ಕಬ್ಬಿಣದ ಬಾಗಲಾ ಬಡದು ನೋಡಿದ. ಆಮ್ಯಾಲ ನನ್ನ ನೋಡಿದ. "ಸರ್, ಸಾಲ್ಯಾಗ ನೀವೇನು ಕಲಸ್ತೀರಿ?"

"ಹತ್ತನೇ ಕ್ಲಾಸಿಗೆ ವಿಜ್ಞಾನ."

ಆತ ಸಾಮಾನಿನ ಚೀಲಾ ಹೆಗಲಿಗೆ ಹಾಕ್ಕೊಂಡು ಮೆಲ್ಲಕ ಅಂದ, "ನನ್ನ ಮಗ ನಿಮ್ಮ ಸಾಲ್ಯಾಗ ಅದಾನ್ರಿ. ಟ್ಯೂಷನ್ನಿಗೆ ಹಚ್ಚತೀನಿ ತಗೋರಿ."

೩. ಆರು ಕೊಂಬು

ಗಂಗಾವತಿಗೆ ಬಂದ ಮ್ಯಾಲ ರೌಟರ್ ತರಾಕ ನಮ್ಮಾಕಿನ್ನೂ ಕರಕೊಂಡು ಹೋದೆ. ಆಕಿ ಮುಂದನ ಆರಿಸಿದ್ರ ಆಮ್ಯಾಲ ಮಾತಿಗೆ ಜಾಗಾ ಇರಂಗಿಲ್ಲ ಅಂತ ನನ್ನ ಲೆಕ್ಕ. ಒಂದಕ್ಕ ಎರಡು ಆಂಟೆನಾ, ಒಂದಕ್ಕ ನಾಕು, ಮ್ಯಾಲಿನ ಸಾಲಿನ್ಯಾಗಿನದಕ್ಕ ಆರು. ಕೆಳಗ ಇಳಿಸಿ, ಹಿಂದ ಮುಂದ ತಿರುವಿ, ಒಂದೊಂದ ಆಂಟೆನಾ ಮಣಿಸಿ ನೋಡಾಕತ್ತಿದ್ದೆ.

ನಮ್ಮಾಕಿ ತಡೀಲಾರದ ಅಂದ್ಲು, "ಎತ್ತು ಹಿಡಿಯಾಕ ಬಂದೀರೇನು, ಕೊಂಬು ಮುಟ್ಟಿ ನೋಡಾಕ? ಹಲ್ಲೂ ನೋಡಿಬಿಡ್ರಿ." ಅಂಗಡಿಯಾಂವ ಮಾರಿ ಆಕಡೆ ತಿರುವಿಕೊಂಡ. ನಾನು ಹಟಕ್ಕ ಆರು ಕೊಂಬಿಂದ ಎತ್ತಿದೆ.

ಪಡಸಾಲ್ಯಾಗ ಇಟ್ಟೆ. ಅಡಗಿಮನಿತನಕ ನೆಟ್ ಮುಟ್ಟತಿದ್ದಿಲ್ಲ, ಹಿತ್ತಲದ ಮಾತಂತೂ ದೂರ. ಆದ್ರ ಡಬ್ಬಿ ಮಾತ್ರ ಭಾಳ ಬೆಚ್ಚಗ ಇರ್ತಿತ್ತು. ಥಂಡಿ ದಿನ. ಒಂದು ಮುಂಜಾನೆ ಎದ್ದು ನೋಡ್ತೀನಿ, ರೌಟರ್ ಮ್ಯಾಲ ಬಟ್ಟಿ ಮುಚ್ಚಿದ ಗಡಿಗಿ ಕುಂತೈತಿ. ನಮ್ಮವ್ವ ಹಾಲಿಗೆ ಹೆಪ್ಪು ಹಾಕಿ ಇಟ್ಟಿದ್ಲು.

"ಅವ್ವಾ, ಇದು ಮೊಸರು ಮಾಡೂ ಸಾಮಾನಲ್ಲ!" ಅಂತ ಚೀರಿದೆ.

ಆಕಿ ಗಡಿಗಿ ಓರಿ ಮಾಡಿ ತೋರಿಸಿದ್ಲು. ಮೊಸರು ಮಿಸುಕಲಿಲ್ಲ. "ನೀ ಇಷ್ಟು ವರ್ಷ ತಂದದ್ದರಾಗ ಕೆಲಸಕ್ಕ ಬಂದದ್ದು ಇದೊಂದ ನೋಡಪಾ."

೪. ರಜಾ ದಿನದ ತರಬೇತಿ

ಕೊರೊನಾ ಬಂದು ಪಾಠ ಎಲ್ಲಾ ಆನ್‌ಲೈನ್ ಆತು. ನೆಟ್ ಕೈ ಕೊಟ್ಟು ಮಾಸ್ತರುಗಳು ಗೋಳಾಡಾಕ ಹತ್ತಿದ್ರು. ನಮ್ಮ ಬಿ.ಇ.ಓ. ಸಾಹೇಬ್ರು ತಾಲೂಕಿನ ಮಾಸ್ತರುಗಳಿಗೆ ಒಂದು ಆನ್‌ಲೈನ್ ತರಬೇತಿ ಇಟ್ರು: ಮನಿಗೆ ಭರವಸೆಯ ಇಂಟರ್ನೆಟ್ಟಿಗೆ ಮೋಡೆಮ್, ರೌಟರ್ ಹೆಂಗ ಆರಿಸಬೇಕು. ಭಾಷಣ ಮಾಡಾಂವ ನಾನು. ಸ್ಟಾಫ್ ರೂಮಿನ್ಯಾಗ ಈ ವಿಷಯ ನನ್ನಷ್ಟು ಮಾತಾಡಾಂವ ಬ್ಯಾರೆ ಯಾರೂ ಇದ್ದಿಲ್ಲ, ಅದಕ್ಕ.

ಮನ್ಯಾಗ ಹೇಳಿದೆ. ನಮ್ಮಾಕಿ "ನೀವಾ?" ಅಂದ್ಲು. ಅಷ್ಟ. ಇವತ್ತು ಇವರ ಮುಂದನ ತೋರಸ್ತೀನಿ ಅಂತ ಗಟ್ಟಿ ಮಾಡಿದೆ.

ತರಬೇತಿ ಇಟ್ಟದ್ದು ಮಹಾನವಮಿ ಖಂಡಿಪೂಜಿ ದಿನ. ರಜಾ ಇದ್ರ ಯಾರೂ ತಪ್ಪಿಸ್ಕೊಳ್ಳಂಗಿಲ್ಲ ಅಂತ ಸಾಹೇಬ್ರ ಲೆಕ್ಕ. ಅಡಗಿಮನ್ಯಾಗ ಹೋಳಗಿ ನಡದಿತ್ತು. ಎದುರು ಮನಿ ಅಕ್ಕಾರು ನಮ್ಮಾಕಿಗೆ ಕೈ ಜೋಡಸಾಕ ಬಂದಿದ್ರು. ಅವರು ಖಾನಾವಳಿಗಳಿಗೆ ರೊಟ್ಟಿ ಮಾಡಿ ಕೊಡಾವರು. ಆರ್ಡರ್ ಎಲ್ಲಾ ಮೊಬೈಲಿನಾಗ ಬರ್ತಾವಂತ ತಾವೂ ಒಂದು ಸಣ್ಣ ರೌಟರ್ ಹಾಕಿಸಿದ್ರು.

ನಾನು ಒಳಖೋಲಿಯಾಗ ಬಾಗಲಾ ಹಾಕ್ಕೊಂಡು ಶುರು ಮಾಡಿದೆ. "ಸಣ್ಣ ಡಬ್ಬಿಗೆ ಮರುಳಾಗಬ್ಯಾಡ್ರಿ. ಕಂಡವರ ಮಾತು ಕೇಳಬ್ಯಾಡ್ರಿ. ನೋಡಿ, ಓದಿ, ವಿಚಾರ ಮಾಡಿ ಆರಿಸ್ರಿ. ನಾನು ಹಂಗ ಆರಿಸಿದ್ದು." ಪೂರಾ ಒಂದು ತಾಸು ಮಾತಾಡಿದೆ. ನೆಟ್ ಒಮ್ಮೆನೂ ಕಡೀಲಿಲ್ಲ. ನನಗ ನನ್ನ ಮ್ಯಾಲ ಪ್ರೀತಿ ಬಂತು.

ಸಾಹೇಬ್ರು ಅಂದ್ರು, "ನೋಡ್ರಿ, ಮಾಸ್ತರದ್ದು ಒಂದು ಅಕ್ಷರ ಕಡೀಲಿಲ್ಲ. ಮಾಸ್ತರ, ಆ ರೌಟರ್ ಎಲ್ಲಾರಿಗೂ ಒಮ್ಮೆ ತೋರಿಸ್ರಿ."

ಎದಿ ಉಬ್ಬಿತು. ಬಾಗಲಾ ತಗದು ಮನಿತುಂಬ ಕೇಳೂವಂಗ, "ಅವ್ವಾ, ಪಡಸಾಲ್ಯಾಗಿನ ರೌಟರ್ ವೈರ್ ಕೀಳದಂಗ ಬಾಗಲತನಕ ತಗೊಂಬಾ, ಸಾಹೇಬ್ರು ನೋಡ್ತಾರಂತ!" ಅಂದೆ.

ದೇವರ ಜಗಲಿಯಿಂದ ಉತ್ತರ ಬಂತು. "ಅದು ಪೂಜಿಗೆ ಕುಂತೈತೋ! ಮುಂಜಾನೇನ ವೈರ್ ಕಿತ್ತು ಒರಸಿ ಇಟ್ಟೀನಿ. ನಾಳಿ ಬನ್ನಿ ಮುಡಿಯೂತನಕ ಎತ್ತಂಗಿಲ್ಲ."

ಕುಡಗೋಲು, ಈಳಗಿ, ಹೊಲಿಗಿ ಮಿಶನ್, ಯಾವುದರಿಂದ ಮನಿ ನಡೀತೈತೋ ಅದನ್ನೆಲ್ಲಾ ಅವತ್ತು ಪೂಜಿಗೆ ಇಟ್ಟು, ಮರುದಿನದತನಕ ಮುಟ್ಟಂಗಿಲ್ಲ. ಹಣಿಕಿ ಹಾಕಿ ನೋಡಿದೆ. ಅವುಗಳ ಸಾಲಿನ್ಯಾಗ ನನ್ನ ರೌಟರ್ ಮೂರು ಬಟ್ಟು ಈಬತ್ತಿ ಹಚ್ಚಿಸ್ಕೊಂಡು ಕುಂತಿತ್ತು. ಆರೂ ಕೊಂಬಿಗೆ ಆರು ಚೆಂಡುಹೂವು.

ಸಾಹೇಬ್ರಿಗೂ ಎಲ್ಲಾ ಕೇಳಿಸಿತ್ತು. "ಹಂಗಾರ ಮಾಸ್ತರ, ತಾಸಿನಿಂದ ನೀವು ಯಾವುದರಾಗ ಮಾತಾಡಾಕತ್ತೀರಿ?"

ನನಗೂ ಅದ ತಿಳೀಬೇಕಾಗಿತ್ತು. ನಮ್ಮಾಕಿ ಲಟ್ಟಣಗಿ ಹಿಡದು ಬಂದು ಕ್ಯಾಮೆರಾದಾಗ ಬಗ್ಗಿದ್ಲು. "ಎದುರು ಮನಿ ಅಕ್ಕಾರ ನೆಟ್‌ನಾಗ್ರಿ ಸರ್. ನಮ್ಮದು ಕೆಟ್ಟು ತಿಂಗಳಾತು, ಬರೇ ದೀಪ ಹತ್ತತಾವ. ಇವರಿಗೆ ಹೇಳಿದ್ರ ಮತ್ತೊಂದು ಆರಿಸಿ ತರ್ತಾರಂತ ಹೇಳಿಲ್ಲ. ಪಾಸ್‌ವರ್ಡ್ ಕೇಳಿ ನಾನ ಇವರ ಲ್ಯಾಪ್‌ಟಾಪಿಗೆ ಹಾಕಿಟ್ಟೀನಿ."

ತಾಲೂಕಿನ ಮಾಸ್ತರುಗಳೆಲ್ಲಾ ಹೊಟ್ಟಿ ಹಿಡಕೊಂಡು ನಗಾಕತ್ತಿದ್ರು. ಯಪ್ಪಾ ದೇವ್ರೇ, ಈಗರೆ ನೆಟ್ ಕಡೀಲಿ ಅಂತ ಬೇಡ್ಕೊಂಡೆ. ಅಕ್ಕಾರ ನೆಟ್, ಎಲ್ಲಿ ಕಡೀತೈತಿ?

ಸಾಹೇಬ್ರು ಕಣ್ಣು ಒರಸ್ಕೊಂಡು, "ಆ ಅಕ್ಕಾರ್ನ ಕರೀರಿ. ಏನು ನೋಡಿ ಆರಿಸಿದ್ರು ಅವರನ್ನ ಕೇಳೋಣು" ಅಂದ್ರು.

ಅಕ್ಕಾರು ಹೂರಣದ ಕೈ ತೊಳಕೊಂಡು, ಸೆರಗು ಸರಿ ಮಾಡ್ಕೊಂಡು, ನನ್ನ ಕುರ್ಚಿ ಮ್ಯಾಲ ಕುಂತ್ರು. ನಾನು ಬಾಜೂಕ ನಿಂತೆ.

"ನನಗೇನು ತಿಳೀತೈತ್ರಿ ಸಾಹೇಬ್ರ? ಅವತ್ತು ಅಂಗಡ್ಯಾಗ ಎರಡ ಥರದ್ದು ಉಳದಿದ್ವು. ನಮ್ಮ ಎದುರು ಮನಿ ಮಾಸ್ತರು ಇದರಾಗ ಯಾವುದು ಒಯ್ದಾರಪಾ ಅಂತ ಅಂಗಡಿಯಾಂವನ್ನ ಕೇಳಿದೆ. ತೋರಿಸಿದ. ಹಂಗಾರ ಇನ್ನೊಂದು ಕೊಡು ಅಂದೆ."