ಹಿಂದಿನ ಸೀಟಿನವರಿಗೆ ಅಭಿಪ್ರಾಯ ಇಲ್ಲದಿರುವ ಬಗ್ಗೆ

ಅಭಿಪ್ರಾಯ ಪರಿಷ್ಕರಣ ವಿಭಾಗ
(ಮಾರಾಟೋತ್ತರ ಸಮಾಧಾನ ಶಾಖೆ)

ಸಂಖ್ಯೆ: ಅಪವಿ/ಕುಟುಂಬ ಸೆಡಾನ್/ಹಿಂ.ಸೀ./ತಲೆ/41

ಸುತ್ತೋಲೆ

ವಿಷಯ: ಮರುವಿನ್ಯಾಸಗೊಂಡ ಕುಟುಂಬ ಸೆಡಾನ್ ಕಾರಿನ ಬಗ್ಗೆ ಮಾಲೀಕರು ಹಾಗೂ ಅವರ ತಾಯಂದಿರು ಹೊಂದಿರುವ, ಹೊಂದಬಹುದಾದ ಮತ್ತು ಹೊಂದತಕ್ಕದ್ದಲ್ಲದ ಅಭಿಪ್ರಾಯಗಳನ್ನು ಕ್ರಮಬದ್ಧಗೊಳಿಸುವ ಕುರಿತು.

ಉಲ್ಲೇಖ:
(1) ಕಂಪನಿಯ ಜಾಹೀರಾತು: “ಮನೆಮಂದಿಯೆಲ್ಲ ತಲೆಯೆತ್ತಿ ಹೊರಡಿ! ಮನೆಯಲ್ಲಿ ಒಬ್ಬರಿಗಾದರೂ ಹಿಡಿಸದಿದ್ದರೆ ನಿಮ್ಮ ಹಳೆಯ ಕಾರು ನಿಮಗೇ ವಾಪಸ್!”
(2) ಕನ್ನಡಕದಂಗಡಿಯ ಮಾಲೀಕರೊಬ್ಬರು ಶೋರೂಮಿನ ಕೌಂಟರಿನ ಮುಂದೆ ನಿಂತು, ಮೌಖಿಕವಾಗಿ, ಮೇಜು ಕುಟ್ಟಿ ಸಲ್ಲಿಸಿದ ಮನವಿ.
(3) ಸದರಿಯವರ ತಾಯಿಯವರ ತಲೆ.

ಪ್ರಸ್ತಾವನೆ:

ಮೇಲೆ ಉಲ್ಲೇಖಿಸಿದ (2)ರ ಕನ್ನಡಕದಂಗಡಿಯ ಮಾಲೀಕರು (ಇನ್ನು ಮುಂದೆ ‘ಸದರಿಯವರು’) ಹಲವು ವರ್ಷಗಳಿಂದ ಕಂಪನಿಯ ಹಳೆಯ ಮಾದರಿಯ ಸೆಡಾನನ್ನು ಯಾವುದೇ ಅಭಿಪ್ರಾಯವಿಲ್ಲದೆ ಓಡಿಸಿಕೊಂಡು ಬಂದಿದ್ದು, ಉಲ್ಲೇಖ (1)ರ ಜಾಹೀರಾತನ್ನು ನಂಬಿ, ಅದನ್ನು ಶೋರೂಮಿಗೆ ಒಪ್ಪಿಸಿ ಹೊಸ ಮಾದರಿಯನ್ನು ಪಡೆದಿರುತ್ತಾರೆ. ಹೊಸ ಮಾದರಿಯ ಚಾವಣಿಯು ಹಿಂಭಾಗದಲ್ಲಿ ನೀರಿಗೆ ಧುಮುಕುವ ಮೀನಿನ ಬೆನ್ನಿನಂತೆ ಇಳಿದಿದ್ದು, ನೋಟಕ್ಕೆ ಅತ್ಯಂತ ಸೊಗಸಾಗಿರುತ್ತದೆ. ನೋಡುವವರು ಕಾರಿನ ಹೊರಗೆ ನಿಂತಿರತಕ್ಕದ್ದು.

ಮೊದಲ ಸವಾರಿಯಲ್ಲಿ ಸದರಿಯವರು ಚಾಲಕರ ಸೀಟಿನಲ್ಲೂ, ಪತ್ನಿ ಪಕ್ಕದಲ್ಲೂ, ತಾಯಿಯವರು ಹಿಂದೆಯೂ ಆಸೀನರಾಗಿದ್ದರು. ಗಮ್ಯಸ್ಥಾನವು ಸೇತುವೆಯಾಚೆ ವಾಸಿಸುವ, ಮಂಡಿ ನೋವಿನಿಂದ ಹೊಸಿಲು ದಾಟಲಾರದ, ತಾಯಿಯವರ ಅಕ್ಕನ ಮನೆ. ತಾಯಿಯವರು ವಾರಕ್ಕೊಮ್ಮೆ ಅಲ್ಲಿಗೆ ಹೋಗಿ, ಅಕ್ಕನ ತಲೆ ಬಾಚಿ, ಊರಿನವರನ್ನೆಲ್ಲ ಆಡಿಕೊಂಡು ಬರುವುದು ವಾಡಿಕೆ. ಬೀದಿಯ ತಿರುವಿನ ರಸ್ತೆ ಉಬ್ಬಿನಲ್ಲಿ ತಾಯಿಯವರ ತುರುಬು ಚಾವಣಿಗೆ ಬಡಿದು, ಹೇರ್‌ಪಿನ್ನುಗಳು ಒಳಮುಖವಾಗಿ ಚಲಿಸಿದವು. ಆ ಸಂದರ್ಭದ ಮಾತುಗಳು ಸದರಿಯವರ ಹೇಳಿಕೆಯಂತೆ ಹೀಗಿವೆ:

ತಾಯಿ: “ಅಯ್ಯೋ, ನಿಲ್ಸೋ! ನಿಲ್ಸು ಅಂದ್ನಲ್ಲ!”

ಸದರಿಯವರು: “ಸ್ವಲ್ಪ ಬಗ್ಗಿ ಕೂತ್ಕೋ ಅಮ್ಮಾ.”

ತಾಯಿ: “ನಿಮ್ಮಪ್ಪನ ಮುಂದೇನೇ ಬಗ್ಗಿದೋಳಲ್ಲ ನಾನು, ಇನ್ನು ತಗಡಿನ ಮುಂದೆ ಬಗ್ತೀನಾ?”

ಪತ್ನಿ: “ಅತ್ತೆ, ಮುಂದೆ ಬನ್ನಿ, ನಾನು ಹಿಂದೆ ಹೋಗ್ತೀನಿ.”

ತಾಯಿ: “ಬೇಡಮ್ಮಾ. ಮುಂದೆ ಕೂತ್ರೆ ಎದುರಿನ ಲಾರಿಗಳೆಲ್ಲ ನನ್ನ ಮಡಿಲಿಗೇ ಬಂದಂಗಾಗುತ್ತೆ.”

ತಾಯಿಯವರು ತುರುಬನ್ನು ಎರಡೂ ಕೈಗಳಿಂದ ಹಿಡಿದು, ಕಾರಿನಿಂದಿಳಿದು, ಮನೆಗೆ ನಡೆದುಹೋದರು. ಬಾಡಿಗೆ ಗಾಡಿಯ ಸಲಹೆಯನ್ನು “ಮಗನ ಮನೆ ಮುಂದೆ ಹೊಸ ಕಾರು ನಿಂತಿರೋವಾಗ ನಾನು ಬಾಡಿಗೆ ಗಾಡೀಲಿ ಹೋಗಿಳಿದ್ರೆ ಅಕ್ಕ ನಗೋದಿಲ್ವಾ?” ಎಂಬ ಕಾರಣಕ್ಕೆ ತಿರಸ್ಕರಿಸಲಾಯಿತು. ಅಂದಿನಿಂದ ಅಕ್ಕ ತಂಗಿಯರ ಭೇಟಿ ಸ್ಥಗಿತಗೊಂಡಿದ್ದು, ಸೇತುವೆಯಾಚೆಯ ಅಕ್ಕ ಪ್ರತಿದಿನ ಫೋನಿನಲ್ಲಿ “ಬರ್ತೀಯೇನೇ?” ಎಂದು ಕೇಳುವುದೂ, ತಾಯಿಯವರು “ನೋಡೋಣ ಕಣೇ” ಎಂದು ಹೇಳಿ ಫೋನಿಟ್ಟು ಗೋಡೆಯ ಕಡೆ ತಿರುಗುವುದೂ ನಡೆದಿರುತ್ತದೆ. ಇದನ್ನು ದಿನವೂ ನೋಡಲಾರದೆ ಸದರಿಯವರು ಉಲ್ಲೇಖ (1)ರ ಭರವಸೆಯಂತೆ ಹಳೆಯ ಕಾರನ್ನು ಮರಳಿಸಲು ಕೋರಿರುತ್ತಾರೆ.

ಪ್ರಸ್ತಾವನೆಯನ್ನು ಕೂಲಂಕಷವಾಗಿ ಪರಿಶೀಲಿಸಿ, ಎಲ್ಲ ಶೋರೂಮುಗಳ ಸಿಬ್ಬಂದಿಯ ಪಾಲನೆಗಾಗಿ ಕೆಳಕಂಡಂತೆ ಹೊರಡಿಸಲಾಗಿದೆ:

1. ಜಾಹೀರಾತಿನಲ್ಲಿನ ‘ಒಬ್ಬರು’ ಎಂದರೆ ಚಾಲಕರ ಸೀಟಿನಲ್ಲಿ ಕುಳಿತು, ಎರಡೂ ಕೈಗಳನ್ನು ಸ್ಟೀರಿಂಗ್ ಮೇಲಿಟ್ಟು, ಶೋರೂಮಿನ ಒಳಗೆ, ಏಸಿ ಚಾಲೂ ಇರುವಾಗ ಅಭಿಪ್ರಾಯ ಹೊಂದಿದವರು ಎಂದು ಅರ್ಥೈಸತಕ್ಕದ್ದು. ಕಂಪನಿಯು ಈವರೆಗೆ ಸಂಗ್ರಹಿಸಿದ ಎಲ್ಲ ಅಭಿಪ್ರಾಯಗಳನ್ನೂ ಇದೇ ಕ್ರಮದಲ್ಲಿ ಪಡೆಯಲಾಗಿದ್ದು, ಹಿಂದಿನ ಸೀಟಿನ ಬಗ್ಗೆ ಒಂದೇ ಒಂದು ದೂರು ಬಂದಿರುವುದಿಲ್ಲ.

2. ಕಂಪನಿಯ ವಿನ್ಯಾಸ ಶಾಖೆಯಲ್ಲಿ ಹಿಂದಿನ ಸೀಟಿಗೆ ಪ್ಲಾಸ್ಟಿಕ್ ಬೊಂಬೆಯೊಂದನ್ನು ಕೂರಿಸಿಯೇ ಅಳತೆ ತೆಗೆಯಲಾಗಿರುತ್ತದೆ. ಸದರಿ ಬೊಂಬೆಗೆ ಕೂದಲಿರುವುದಿಲ್ಲ, ಅಕ್ಕನೂ ಇರುವುದಿಲ್ಲ. ಅದು ಇಂದಿಗೂ ಅಲ್ಲಿಯೇ ಕುಳಿತಿದ್ದು, ಇಳಿಯುವ ಇಂಗಿತ ವ್ಯಕ್ತಪಡಿಸಿಲ್ಲ. ಇದನ್ನು ಸಂತೃಪ್ತ ಗ್ರಾಹಕರ ಪಟ್ಟಿಯಲ್ಲಿ ಮೊದಲನೆಯದಾಗಿ ತೋರಿಸುವುದು.

3. ಜಾಹೀರಾತಿನ ಚಿತ್ರದಲ್ಲಿ ಹಿಂದಿನ ಸೀಟಿನ ಅಜ್ಜಿಯು ಮನಸಾರೆ ನಗುತ್ತಿದ್ದಾರಲ್ಲವೇ ಎಂದು ಸದರಿಯವರು ಪ್ರಶ್ನಿಸಿರುತ್ತಾರೆ. ಚಿತ್ರೀಕರಣದ ದಿನ ಬೆಳಕಿನ ಅನುಕೂಲಕ್ಕಾಗಿ ಚಾವಣಿಯನ್ನು ಕಳಚಿಡಲಾಗಿತ್ತು. ನಗು ನೈಜವಾದದ್ದು. ‘ತಲೆಯೆತ್ತಿ’ ಎಂಬ ಪದವು ಕಾರಿನಿಂದ ಇಳಿದ ನಂತರದ ಅವಧಿಗೆ ಅನ್ವಯಿಸತಕ್ಕದ್ದು.

4. ತುರುಬುಗಳನ್ನು ಈ ಕೆಳಗಿನಂತೆ ವರ್ಗೀಕರಿಸಲಾಗಿದೆ:

(ಅ) ಕುತ್ತಿಗೆಯ ಮಟ್ಟದ ತುರುಬು: ಅನುಮತಿಸಲಾಗಿದೆ.
(ಆ) ಕಿವಿಯ ಮಟ್ಟದ ತುರುಬು: ಸಮತಟ್ಟಾದ ರಸ್ತೆಯಲ್ಲಿ ಮಾತ್ರ.
(ಇ) ನೆತ್ತಿಯ ತುರುಬು: ಸಾಮಾನಿನ ಡಿಕ್ಕಿಯಲ್ಲಿ ಸಾಗಿಸತಕ್ಕದ್ದು. ತುರುಬಿನಿಂದ ವ್ಯಕ್ತಿಯನ್ನು ಬೇರ್ಪಡಿಸಲಾಗದ ಪ್ರಕರಣಗಳನ್ನು ವಿಭಾಗದ ಗಮನಕ್ಕೆ ತರುವುದು.

ಈ ವರ್ಗೀಕರಣವನ್ನು ಕೌಂಟರಿನಲ್ಲಿ ಓದಿ ಹೇಳಿದಾಗ ಸದರಿಯವರು, “ಸ್ವಾಮೀ, ನಮ್ಮಮ್ಮ ಐವತ್ತು ವರ್ಷದಿಂದ ಅಲ್ಲೇ ಕಟ್ಕೊಂಡು ಬಂದಿದಾರೆ. ಕಾರು ನೋಡಿ ತುರುಬು ಇಳಿಸು ಅಂತ ನಾನು ಹೋಗಿ ಹೇಳ್ಲಾ? ನೀವೇ ಬಂದು ಹೇಳಿ, ಬನ್ನಿ” ಎಂದು ಆಹ್ವಾನಿಸಿರುತ್ತಾರೆ. ಸಿಬ್ಬಂದಿಯು ಇಂತಹ ಆಹ್ವಾನಗಳನ್ನು ಸ್ವೀಕರಿಸತಕ್ಕದ್ದಲ್ಲ.

5. ಇತರ ಮಾಲೀಕರ ಅಭಿಪ್ರಾಯಗಳನ್ನೂ ಇದೇ ಸಂದರ್ಭದಲ್ಲಿ ವಿಲೇವಾರಿ ಮಾಡಲಾಗಿದೆ. ಹಲ್ಲಿನ ವೈದ್ಯರೊಬ್ಬರು ಕಾರಿನ ಮುಂಭಾಗದ ಹೊಸ ಜಾಲರಿಯನ್ನು ಕುರಿತು, “ಬೆಳಿಗ್ಗೆ ಎದ್ದು ಬಾಗಿಲು ತೆಗೆದ್ರೆ ಬಾಯಿ ತೆರ್ಕೊಂಡು ನಿಂತಿರುತ್ತೆ. ಭಾನುವಾರಾನೂ ಪೇಷಂಟು ಬಂದಂಗಿದೆ” ಎಂದಿದ್ದು, ಇದನ್ನು ‘ವೃತ್ತಿಪರರ ಮೆಚ್ಚುಗೆ’ ಎಂದು ನಮೂದಿಸಲಾಗಿದೆ. ಸಂಗೀತದ ಮೇಷ್ಟರೊಬ್ಬರು ರೇಡಿಯೋದ ತಿರುಗುಗುಂಡಿಯನ್ನು ತೆಗೆದು ಪರದೆ ಅಳವಡಿಸಿರುವುದಕ್ಕೆ, “ಧ್ವನಿ ಕಮ್ಮಿ ಮಾಡೋಕೆ ನಾಲ್ಕು ಕಡೆ ಒತ್ತಬೇಕು, ಅಷ್ಟರಲ್ಲಿ ಹಾಡೇ ಮುಗಿದಿರುತ್ತೆ” ಎಂದಿರುತ್ತಾರೆ. ಹಾಡು ಮುಗಿದ ಮೇಲೆ ಧ್ವನಿ ಕಡಿಮೆಯಾಗುವುದರಿಂದ ಸೌಲಭ್ಯವು ಸುಸ್ಥಿತಿಯಲ್ಲಿದೆ ಎಂದು ತೀರ್ಮಾನಿಸಲಾಗಿದೆ. ಗುಂಡಿ ಇದ್ದ ಜಾಗದಲ್ಲಿ ಗಾಳಿಯನ್ನೇ ತಿರುಗಿಸುತ್ತಿರುವ ಬೆರಳುಗಳನ್ನು ಅಭಿಪ್ರಾಯವೆಂದು ಪರಿಗಣಿಸುವಂತಿಲ್ಲ.

6. ಸದರಿಯವರು ಕಂಡಿಕೆ 1ರಿಂದ 5ರವರೆಗೆ ಕೇಳಿಸಿಕೊಂಡು, ಕನ್ನಡಕ ತೆಗೆದು, ಅಂಗಿಯ ತುದಿಯಿಂದ ಒರೆಸಿ, ಪುನಃ ಹಾಕಿಕೊಂಡು, ಎದುರಿಗಿರುವುದು ಅದೇ ಸಿಬ್ಬಂದಿಯೇ ಎಂದು ಖಚಿತಪಡಿಸಿಕೊಂಡರು. ಇದನ್ನು ದೂರು ಎಂದು ದಾಖಲಿಸಿಲ್ಲ. ಅನಂತರ ಅವರು ಕೇಳಿದ ಪ್ರಶ್ನೆ ಮಾತ್ರ ನೇರವಾದದ್ದು: “ಅದೆಲ್ಲ ಇರ್ಲಿ. ನನ್ನ ಹಳೇ ಕಾರು ಎಲ್ಲಿದೆ?”

7. ಈ ಪ್ರಶ್ನೆಗೆ ಉತ್ತರವನ್ನು ಕಂಡಿಕೆ 9ರಲ್ಲಿ ನೀಡಲಾಗುವುದು. ಸಿಬ್ಬಂದಿಯು ಅವಸರಪಟ್ಟು ಪುಟ ತಿರುವಿ ಮುಂಚಿತವಾಗಿ ನೋಡತಕ್ಕದ್ದಲ್ಲ.

8. ಅಲ್ಲಿಯವರೆಗೆ ಈ ಕೆಳಗಿನ ಉತ್ತರಗಳನ್ನು ಸರದಿಯಂತೆ ಬಳಸಲು ಸೂಚಿಸಲಾಗಿತ್ತು: ಕಾರು ಉಗ್ರಾಣದಲ್ಲಿದೆ, ಉಗ್ರಾಣ ಬೀಗದಲ್ಲಿದೆ, ಬೀಗದ ಕೈ ಕಾರಿನಲ್ಲಿದೆ. ಸದರಿಯವರು ಅಂಗಡಿಯನ್ನು ಪತ್ನಿಗೆ ಒಪ್ಪಿಸಿ ದಿನವೂ ಬಂದು, ಮೂರೂ ಉತ್ತರಗಳನ್ನು ತಾಳ್ಮೆಯಿಂದ ಕೇಳಿ, ಮರುದಿನ ಮತ್ತೆ ಬಂದಿರುತ್ತಾರೆ. ಸಂಜೆ ಮನೆಯಲ್ಲಿ ಪತ್ನಿಯು “ಇವತ್ತು ಯಾವ ಉತ್ತರ?” ಎಂದು ಕೇಳುವುದು, ಸದರಿಯವರು “ಬೀಗ” ಎನ್ನುವುದು, ಒಳಕೋಣೆಯಿಂದ ತಾಯಿಯವರು “ಹೋಗ್ಲಿ ಬಿಡೋ, ಅಕ್ಕನಿಗೆ ನಾನು ಸತ್ತೆ ಅಂತ ಹೇಳ್ಬಿಡು” ಎನ್ನುವುದು ರೂಢಿಗೆ ಬಂದಿತ್ತು. ಕೊನೆಯ ವಾಕ್ಯ ಕೇಳಿದ ರಾತ್ರಿಗಳಲ್ಲಿ ಸದರಿಯವರಿಗೆ ಊಟ ಸೇರುತ್ತಿರಲಿಲ್ಲ. ಊಟ ಸೇರದಿರುವುದಕ್ಕೆ ವಾರಂಟಿ ಅನ್ವಯಿಸುವುದಿಲ್ಲ.

9. ಹಳೆಯ ಕಾರು ‘ತುಲನಾತ್ಮಕ ಅಧ್ಯಯನ’ದ ನಿಮಿತ್ತ ಈ ವಿಭಾಗದ ಮುಖ್ಯಸ್ಥರ ವಶದಲ್ಲಿತ್ತು. ಅಧ್ಯಯನವನ್ನು ಬೆಳಿಗ್ಗೆ ಕಚೇರಿಗೆ ಬರುವಾಗ, ಸಂಜೆ ಹಿಂದಿರುಗುವಾಗ ಮತ್ತು ರಜಾದಿನಗಳಲ್ಲಿ ಕುಟುಂಬ ಸಮೇತವಾಗಿ ಕೈಗೊಳ್ಳಲಾಗುತ್ತಿತ್ತು. ಮುಖ್ಯಸ್ಥರ ಎತ್ತರಕ್ಕೂ ಇದಕ್ಕೂ ಸಂಬಂಧ ಕಲ್ಪಿಸತಕ್ಕದ್ದಲ್ಲ.

10. ಹೀಗಿರಲಾಗಿ, ಔಷಧಿ ಅಂಗಡಿಯಿಂದ ಹಿಂದಿರುಗುತ್ತಿದ್ದ ತಾಯಿಯವರು ಸಿಗ್ನಲ್ಲಿನಲ್ಲಿ ನಿಂತಿದ್ದ ಕಾರೊಂದನ್ನು ಕಂಡು, ಒಂದು ಕ್ಷಣ ತಡೆದು, ನೇರವಾಗಿ ಬಂದು, ಹಿಂದಿನ ಬಾಗಿಲು ತೆರೆದು, ಒಳಗೆ ಕುಳಿತರು. ಒಳಗೆ ಮುಖ್ಯಸ್ಥರ ಅತ್ತೆಯವರು ಅದಾಗಲೇ ಆಸೀನರಾಗಿದ್ದರು. ಮುಂದೆ ನಡೆದುದನ್ನು ಮುಖ್ಯಸ್ಥರು ಕನ್ನಡಿಯಲ್ಲಿ ನೋಡಿ ಪ್ರಮಾಣೀಕರಿಸಿರುತ್ತಾರೆ:

ಅತ್ತೆ: “ಯಾರಮ್ಮಾ ನೀವು? ಹೀಗೆ ಬಂದು ಕೂತ್ರಲ್ಲ?”

ತಾಯಿ: “ನೀವ್ಯಾರಮ್ಮಾ? ಇದು ನಮ್ಮ ಕಾರು. ಈ ಸೀಟಿನ ಕವರು ನಾನೇ ಹೊಲಿದಿದ್ದು. ನೋಡಿ ಇಲ್ಲಿ, ಕತ್ತರಿ ಜಾರಿದ ಕಡೆ ಎಲೆ ಥರ ತೇಪೆ ಹಾಕಿದೀನಿ.”

ಅತ್ತೆ: “ಹೌದಾ! ನಾನು ಅದನ್ನ ಹೂವು ಅಂದ್ಕೊಂಡಿದ್ದೆ. ಒಳ್ಳೇ ಕೈ ನಿಮ್ದು. ನಮ್ಮ ಅಳಿಯಂದ್ರು, ಕಂಪನಿ ಹೊಸ ಕಾರು ಕೊಟ್ರೂ ತಲೆ ತಾಗುತ್ತೆ ಅಂತ ಬಿಟ್ಟು ಇದನ್ನ ತಂದ್ರು.”

ಮುಖ್ಯಸ್ಥರು: “ಅತ್ತೆ, ಸ್ವಲ್ಪ...”

ಅತ್ತೆ: “ಇರಪ್ಪಾ, ಮಾತಾಡ್ತಾ ಇದೀವಿ. ಊರಿಗೆಲ್ಲ ಅದು ಚೆನ್ನಾಗಿದೆ ಅಂತ ಹೇಳೋದೇ ಇವ್ರ ಕೆಲಸ ಕಣಮ್ಮಾ. ಮನೆಗೆ ಬಂದ್ರೆ ಕುತ್ತಿಗೆಗೆ ಎಣ್ಣೆ ಹಚ್ಚು ಅಂತಿದ್ರು.”

ತಾಯಿ: “ಓಹೋ, ಇವ್ರೇನಾ ಅವ್ರು? ಸರಿ ಹಾಗಿದ್ರೆ. ಸೇತುವೆ ದಾಟಿ ಎಡಕ್ಕೆ ತಿರುಗಿಸಪ್ಪಾ. ನಮ್ಮಕ್ಕನ ಮನೆ ಅಲ್ಲೇ.”

ಹಸಿರು ದೀಪ ಬಂದಿದ್ದು, ಹಿಂದಿನ ವಾಹನದವರು ಹಾರನ್ ಮಾಡುತ್ತಿದ್ದು, ಅನ್ಯ ಮಾರ್ಗ ಕಾಣದೆ ಮುಖ್ಯಸ್ಥರು ಸೇತುವೆ ದಾಟಿ ಎಡಕ್ಕೆ ತಿರುಗಿಸಿದರು.

11. ಅದೇ ಸಮಯಕ್ಕೆ ಸದರಿಯವರು ಶೋರೂಮಿನ ಕೌಂಟರಿನಲ್ಲಿ ‘ಉಗ್ರಾಣ ಬೀಗದಲ್ಲಿದೆ’ ಎಂಬ ಉತ್ತರವನ್ನು ಸ್ವೀಕರಿಸುತ್ತಿದ್ದರು. ಅವರ ಫೋನ್ ಮೊಳಗಿತು. ಕೌಂಟರಿನ ಸಿಬ್ಬಂದಿಗೂ ಕೇಳುವಷ್ಟು ಗಟ್ಟಿಯಾಗಿ ತಾಯಿಯವರು, “ಅಕ್ಕನ ಮನೇಲಿದೀನಿ ಕಣೋ! ನಮ್ಮ ಕಾರಲ್ಲೇ ಬಂದೆ! ಡ್ರೈವರು ಸುಮಾರು, ಆದ್ರೆ ಮರ್ಯಾದಸ್ಥ. ಇಲ್ಲೇ ಜಗುಲಿ ಮೇಲೆ ಕೂತು ನೀರು ಕುಡೀತಿದಾರೆ” ಎಂದರು. ಹಿನ್ನೆಲೆಯಲ್ಲಿ ಅಕ್ಕನ ಹಾಗೂ ಮುಖ್ಯಸ್ಥರ ಅತ್ತೆಯವರ ನಗು ಕೇಳಿಬರುತ್ತಿತ್ತು. ಸದರಿಯವರು ಫೋನನ್ನು ಕಿವಿಯಿಂದ ತೆಗೆಯಲಿಲ್ಲ. ಕರೆ ಮುಗಿದ ಮೇಲೂ ತೆಗೆಯಲಿಲ್ಲ. ಕಣ್ಣೊರೆಸಿಕೊಳ್ಳಲು ಈ ಬಾರಿ ಕನ್ನಡಕ ತೆಗೆಯಬೇಕಾಯಿತು. ಅನಂತರ ಸಿಬ್ಬಂದಿಯತ್ತ ತಿರುಗಿ, “ಬೀಗ ತೆಗೆದಂಗಿದೆ ಸಾರ್, ನಾನು ಹೋಗಿ ಕರ್ಕೊಂಡು ಬರ್ತೀನಿ” ಎಂದಷ್ಟೇ ಹೇಳಿ, ಹೊಸ ಕಾರಿನ ಕೀಲಿಯನ್ನು ಕೌಂಟರಿನ ಮೇಲಿಟ್ಟು ಹೊರಟರು.

12. ಈ ಬೆಳವಣಿಗೆಯ ಹಿನ್ನೆಲೆಯಲ್ಲಿ, ಸದರಿಯವರು ಅಕ್ಕನ ಮನೆಯ ಜಗುಲಿಯಲ್ಲಿ ಮುಖ್ಯಸ್ಥರಿಂದ ಕೀಲಿ ಪಡೆದು ತಂದ ಹಳೆಯ ಕಾರು ಅವರ ಬಳಿಯೇ ಇರುವುದು. ಆದರೆ ಇದನ್ನು ‘ಮರಳಿಸಲಾಗಿದೆ’ ಎಂದು ಯಾರೂ ಹೇಳತಕ್ಕದ್ದಲ್ಲ. ಹೇಳಿದಲ್ಲಿ ಹೊಸ ಮಾದರಿಯಲ್ಲಿ ಕೊರತೆಯಿದೆ ಎಂದು ಒಪ್ಪಿಕೊಂಡಂತಾಗುವುದು. ಆದ್ದರಿಂದ ಸದರಿ ಹಳೆಯ ಕಾರನ್ನು, ತೇಪೆ ಸಹಿತ, ಮುಂದಿನ ವರ್ಷದ ಮರುವಿನ್ಯಾಸವೆಂದು ಘೋಷಿಸಲಾಗಿದ್ದು, ಸದರಿಯವರು ಅದನ್ನು ಎಲ್ಲರಿಗಿಂತ ಮೊದಲು ಪಡೆದ ಗ್ರಾಹಕರಾಗಿರುತ್ತಾರೆ.

13. ಜಾಹೀರಾತು ಶಾಖೆಯು ತಕ್ಷಣವೇ “ಈಗ ತಲೆಗೂ ಜಾಗ!” ಎಂಬ ಪ್ರಚಾರವನ್ನು ಕೈಗೊಳ್ಳುವುದು. ಹಳೆಯ ಕಾರಿನ ರೇಡಿಯೋದ ತಿರುಗುಗುಂಡಿಯನ್ನು ‘ಬೆರಳಿಗೆ ಸ್ಪಂದಿಸುವ ನೂತನ ತಂತ್ರಜ್ಞಾನ’ ಎಂದು ವರ್ಣಿಸುವುದು. ಚಾವಣಿಯನ್ನು ಕಳಚದೆ ಚಿತ್ರೀಕರಿಸಲು ಸಾಧ್ಯವೇ ಎಂಬ ಬಗ್ಗೆ ತಜ್ಞರ ವರದಿ ಪಡೆಯುವುದು.

14. ಸದರಿಯವರು ಶೋರೂಮಿನ ಅಂಗಳದಲ್ಲಿ ಬಿಟ್ಟುಹೋದ ಹೊಸ ಮಾದರಿಯ ಕಾರನ್ನು, ಬದಲಿ ವ್ಯವಸ್ಥೆಯಾಗಿ, ಮುಖ್ಯಸ್ಥರ ನಿತ್ಯ ಬಳಕೆಗೆ ಒದಗಿಸಲಾಗಿದೆ. ಅವರು ಅದರ ಬಗ್ಗೆ ಅತ್ಯುತ್ತಮ ಅಭಿಪ್ರಾಯ ಹೊಂದಿರುತ್ತಾರೆ.

ಈ ಮೇಲಿನ ಸೂಚನೆಗಳನ್ನು ಚಾಚೂ ತಪ್ಪದೆ ಪಾಲಿಸುವುದು. ತಪ್ಪಿದಲ್ಲಿ ಸಂಬಂಧಪಟ್ಟವರನ್ನು ಹಿಂದಿನ ಸೀಟಿನಲ್ಲಿ ಕೂರಿಸಲಾಗುವುದು.

ಸಹಿ/-
ಮುಖ್ಯಸ್ಥರ ಪರವಾಗಿ, ಉಪ ಮುಖ್ಯಸ್ಥರು
ಅಭಿಪ್ರಾಯ ಪರಿಷ್ಕರಣ ವಿಭಾಗ
(ಮುಖ್ಯಸ್ಥರು ಕುತ್ತಿಗೆ ನೋವಿನ ನಿಮಿತ್ತ ರಜೆಯಲ್ಲಿರುತ್ತಾರೆ)

ಪ್ರತಿಗಳು:

1. ವಿನ್ಯಾಸ ಶಾಖೆಯ ಮೇಲ್ವಿಚಾರಕರಿಗೆ: ಬೊಂಬೆಗೆ ತುರುಬು ಅಳವಡಿಸಿ, ಅದರ ಹೇಳಿಕೆ ಪಡೆಯುವ ಸಲುವಾಗಿ.
2. ಎಲ್ಲ ಶೋರೂಮುಗಳ ಸೂಚನಾ ಫಲಕಗಳಿಗೆ: ಗ್ರಾಹಕರ ಕಣ್ಣಿಗೆ ಬೀಳದಷ್ಟು ಎತ್ತರದಲ್ಲಿ ಅಂಟಿಸಲು.
3. ಹಲ್ಲಿನ ವೈದ್ಯರಿಗೆ: ಮೆಚ್ಚುಗೆಗೆ ಧನ್ಯವಾದಗಳೊಂದಿಗೆ.
4. ಮುಖ್ಯಸ್ಥರ ಅತ್ತೆಯವರಿಗೆ: ಚಲಿಸುವ ವಾಹನದಲ್ಲಿ ಸತ್ಯಾಂಶಗಳನ್ನು ಹಂಚಿಕೊಳ್ಳದಂತೆ ಕೋರಿ.
5. ಕನ್ನಡಕದಂಗಡಿಯ ಮಾಲೀಕರಿಗೆ: ಮುಂದಿನ ವರ್ಷದ ಮರುವಿನ್ಯಾಸದ ಬಗ್ಗೆ ಅಭಿಪ್ರಾಯ ಸಲ್ಲಿಸಲು.
6. ಸದರಿಯವರ ತಾಯಿಯವರಿಗೆ: ಖುದ್ದಾಗಿ ತಲುಪಿಸಲು ಎರಡು ಬಾರಿ ಪ್ರಯತ್ನಿಸಲಾಗಿದ್ದು, ಎರಡೂ ಬಾರಿ ಅಕ್ಕನ ಮನೆಗೆ ಹೋಗಿದ್ದಾರೆಂದು ತಿಳಿದುಬಂದ ಕಾರಣ ಪ್ರತಿಯನ್ನು ಕಚೇರಿಯಲ್ಲಿಯೇ ಉಳಿಸಿಕೊಳ್ಳಲಾಗಿದೆ.